ಹಸಿರು ಬೆನ್ನಿನ ನೋಟಿಗಾಗಿ ಕಟ್ಟಿದ ಪಕ್ಷ

ಸೋಲನ್ ಚೇಸ್ ಭಾಷಣಕ್ಕೆ ನಿಂತರೆ ಎತ್ತುಗಳ ಸುದ್ದಿ ಬಾರದೆ ಇರುತ್ತಿರಲಿಲ್ಲ. 1870ರ ದಶಕದ ಕೊನೆಯ ಮಾತಿದು. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿ ಟರ್ನರ್ ಎಂಬ ಊರಿನ ಈ ರೈತ ಒಂದು ಪತ್ರಿಕೆಯನ್ನೂ ನಡೆಸುತ್ತಿದ್ದರು. ಒಂದು ಜೊತೆ ಎಳೆಯ ಎತ್ತುಗಳನ್ನು ಕೊಂಡೆ, ಹುಲ್ಲು ಹಾಕಿ ಬೆಳೆಸಿದೆ, ಈಗ ಮಾರಲು ಹೋದರೆ ಕೊಂಡ ಬೆಲೆಯೂ ಗಿಟ್ಟುತ್ತಿಲ್ಲ. ಹಾಕಿದ ಮೇವು, ಪಟ್ಟ ಪಾಡು ಎಲ್ಲಿಗೆ ಹೋಯಿತು ಎಂಬುದು ಅವರ ಪ್ರಶ್ನೆ. ವಿರೋಧಿಗಳು ಈ ಹಳ್ಳಿಗಾಡಿನ ಮಾತನ್ನು ಆಡಿಕೊಂಡು ನಕ್ಕರು. ಕೇಳಲು ಬಂದ ರೈತರು ಮಾತ್ರ ನಗಲಿಲ್ಲ, ಅವರವರ ಕೊಟ್ಟಿಗೆಯ ಲೆಕ್ಕವೂ ಅದೇ ಆಗಿತ್ತು. ‘ಆ ಎತ್ತುಗಳು’ ಎಂಬ ಎರಡೇ ಮಾತು ಮೇನ್‌ನಲ್ಲಿ ಚುನಾವಣೆಯ ಘೋಷಣೆಯಾಗಿ ಬೆಳೆಯಿತು.

ಎತ್ತುಗಳೇನೂ ಸೊರಗಿರಲಿಲ್ಲ. ಡಾಲರು ಕೊಬ್ಬಿತ್ತು. ದೇಶದಲ್ಲಿ ದುಡಿಮೆ ಹೆಚ್ಚುತ್ತಿತ್ತು, ಹೊಲ ಹೆಚ್ಚುತ್ತಿತ್ತು, ರೈಲು ಹಳಿ ಹೆಚ್ಚುತ್ತಿತ್ತು. ಅವುಗಳ ನಡುವೆ ಓಡಾಡಬೇಕಾದ ಹಣ ಮಾತ್ರ ಅಷ್ಟಾಗಿ ಹೆಚ್ಚುತ್ತಿರಲಿಲ್ಲ. ಹೀಗಾಗಿ ವರ್ಷದಿಂದ ವರ್ಷಕ್ಕೆ ಬೆಲೆಗಳು ಇಳಿಯುತ್ತಿದ್ದವು. ಬೆಲೆ ಇಳಿದರೆ ಒಳ್ಳೆಯದೇ ಅಲ್ಲವೇ ಎಂದು ಕೈಯಲ್ಲಿ ಕಾಸಿದ್ದವರು ಕೇಳಬಹುದು. ತಲೆಯ ಮೇಲೆ ಸಾಲ ಇದ್ದವರ ಕಥೆ ಬೇರೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಒಂದು ಬುಶೆಲ್ ಗೋಧಿಗೆ ಒಂದೂವರೆ ಡಾಲರ್ ಇದ್ದಾಗ ರೈತ 900 ಡಾಲರ್ ಸಾಲ ಮಾಡಿದ. ಅವನ ಪಾಲಿಗೆ ಅದು 600 ಬುಶೆಲ್ ಗೋಧಿಯ ಸಾಲ. ತೀರಿಸುವ ಹೊತ್ತಿಗೆ ಗೋಧಿ ಮುಕ್ಕಾಲು ಡಾಲರಿಗೆ ಇಳಿದರೆ ಅದೇ 900 ಡಾಲರಿಗೆ 1,200 ಬುಶೆಲ್ ಅಳೆದು ಕೊಡಬೇಕು. ಪತ್ರದಲ್ಲಿ ಬರೆದ ಅಂಕಿ ಹಾಗೇ ಇದೆ, ಸಾಲ ಇಮ್ಮಡಿಯಾಗಿದೆ. ಬಡ್ಡಿ ಬೇರೆ.

ಸಾಲದ ಭಾರ ಏರಿಳಿಯುವುದು ವಿಧಿಯ ಆಟವಲ್ಲ, ಹಣ ಎಷ್ಟಿರಬೇಕೆಂದು ಯಾರೋ ಕೂತು ತೀರ್ಮಾನ ಮಾಡಿದ್ದರ ಫಲ. ಹಾಗಾದರೆ ಆ ತೀರ್ಮಾನ ಜನರ ಕೈಯಲ್ಲಿರಲಿ. ಇದಿಷ್ಟನ್ನೇ ನಂಬಿ ಒಂದು ರಾಜಕೀಯ ಪಕ್ಷ ಹುಟ್ಟಿತು. ಅದೇ ಗ್ರೀನ್‌ಬ್ಯಾಕ್ ಪಕ್ಷ. 1874ರಿಂದ ಸುಮಾರು ಹದಿನೈದು ವರ್ಷ ಬದುಕಿದ ಇದು ಮೂರು ಸಲ ಅಧ್ಯಕ್ಷ ಚುನಾವಣೆಗೆ ನಿಂತು ಮೂರು ಸಲವೂ ಹೀನಾಯವಾಗಿ ಸೋತಿತು. ಅಮೆರಿಕದ ಇತಿಹಾಸದ ಪುಸ್ತಕಗಳು ಹೆಚ್ಚಾಗಿ ಇದನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನ್ನ ಮಟ್ಟಿಗೆ ಅದು ದೊಡ್ಡ ಅನ್ಯಾಯ. ಹಣದ ವಿಚಾರವನ್ನು ಬ್ಯಾಂಕಿನ ಒಳಕೋಣೆಯಿಂದ ಸಂತೆಮಾಳಕ್ಕೆ ತಂದು, ಓದುಬರಹ ಕಡಿಮೆ ಇದ್ದವರೂ ಅದನ್ನು ಚರ್ಚಿಸುವಂತೆ ಮಾಡಿದ ಇನ್ನೊಂದು ಪಕ್ಷ ಸಿಗುವುದು ಕಷ್ಟ.

ಯುದ್ಧದ ಕೂಸು

ಕಥೆ ಶುರುವಾಗುವುದು ಅಂತರ್ಯುದ್ಧದಿಂದ. 1861ರ ಡಿಸೆಂಬರ್ ಕೊನೆಗೆ ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಬಂಗಾರ ಕೊಡುವುದನ್ನು ನಿಲ್ಲಿಸಿದವು. ಲಿಂಕನ್ ಸರ್ಕಾರಕ್ಕೆ ಸೈನಿಕರ ಸಂಬಳ, ಬಟ್ಟೆ, ಕುದುರೆ, ಮದ್ದುಗುಂಡು ಎಲ್ಲಕ್ಕೂ ದುಡ್ಡು ಬೇಕು, ಖಜಾನೆ ಬರಿದು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಬಫಲೊ ಊರಿನ ಸದಸ್ಯರಾಗಿದ್ದ ಎಲ್ಬ್ರಿಜ್ ಸ್ಪಾಲ್ಡಿಂಗ್ ಒಂದು ಮಸೂದೆ ತಂದರು. ಸರ್ಕಾರವೇ ನೋಟು ಅಚ್ಚು ಹಾಕಲಿ, ಅದಕ್ಕೆ ಬಂಗಾರ ಕೊಡುತ್ತೇವೆ ಎಂಬ ವಾಗ್ದಾನ ಬೇಡ, ಆದರೆ ಯಾರೂ ಅದನ್ನು ಒಲ್ಲೆ ಎನ್ನುವಂತಿಲ್ಲ ಎಂದು ಕಾನೂನು ಮಾಡೋಣ ಎಂಬುದು ಅದರ ತಿರುಳು. 1862ರ ಫೆಬ್ರವರಿ 25ರಂದು ಅದು ಕಾಯ್ದೆಯಾಯಿತು. ಮೊದಲಿಗೆ 15 ಕೋಟಿ ಡಾಲರ್, ಆಮೇಲೆ ಇನ್ನೆರಡು ಸಲ ಸೇರಿ ಒಟ್ಟು 45 ಕೋಟಿ ಡಾಲರ್ ನೋಟಿಗೆ ಅನುಮತಿ ಸಿಕ್ಕಿತು.

ನೋಟಿನ ಹಿಂಭಾಗವನ್ನು ಹಸಿರು ಶಾಯಿಯಲ್ಲಿ ಮುದ್ರಿಸಿದ್ದಕ್ಕೆ ಕಾರಣ ಖೋಟಾ ನೋಟಿನ ಭಯ. ‘ಗ್ರೀನ್‌ಬ್ಯಾಕ್’, ಅಂದರೆ ಹಸಿರು ಬೆನ್ನು, ಎಂಬ ಹೆಸರು ಬಂದದ್ದು ಅದರಿಂದಲೇ. ಆಗಿನ್ನೂ ಹೊಸದಾಗಿದ್ದ ಛಾಯಾಚಿತ್ರ ಕಲೆಯಿಂದ ಕಪ್ಪು ಬಿಳುಪಿನ ನೋಟನ್ನು ನಕಲು ಮಾಡುವುದು ಸುಲಭ. ಕ್ರೋಮಿಯಂನಿಂದ ತಯಾರಿಸಿದ ಈ ಹಸಿರು ಶಾಯಿಯನ್ನು ಕ್ಯಾಮೆರಾದಿಂದ ನಕಲು ಮಾಡಲೂ ಆಗದು, ಅಳಿಸಿ ತೆಗೆಯಲೂ ಆಗದು. ಹಾಳೆಹಾಳೆಯಾಗಿ ಬಂದ ನೋಟುಗಳನ್ನು ಬಿಡಿಸಿ ಕತ್ತರಿಸುವ ಕೆಲಸ ವಾಷಿಂಗ್ಟನ್ನಿನ ಖಜಾನೆ ಕಟ್ಟಡದಲ್ಲೇ ನಡೆಯುತ್ತಿತ್ತು. ಗಂಡಸರೆಲ್ಲ ಯುದ್ಧಭೂಮಿಯಲ್ಲಿದ್ದ ಕಾಲ; ಖಜಾಂಚಿ ಫ್ರಾನ್ಸಿಸ್ ಸ್ಪಿನ್ನರ್ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡು ಅವರ ಕೈಗೆ ಕತ್ತರಿ ಕೊಟ್ಟರು. ಅಮೆರಿಕದ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಹೆಂಗಸರು ಗುಮಾಸ್ತರಾಗಿ ದೊಡ್ಡ ಸಂಖ್ಯೆಯಲ್ಲಿ ಕಾಲಿಟ್ಟದ್ದು ಈ ನೋಟುಗಳ ದೆಸೆಯಿಂದ.

ಆ ನೋಟಿನ ಬೆನ್ನ ಮೇಲೆ ಒಂದು ಷರತ್ತು ಅಚ್ಚಾಗಿತ್ತು, ಮುಂದಿನ ಜಗಳವೆಲ್ಲ ಹುಟ್ಟಿದ್ದು ಅದರಿಂದಲೇ. ಈ ನೋಟು ಎಲ್ಲ ಸಾಲಗಳಿಗೂ ನಡೆಯುತ್ತದೆ, ಎರಡನ್ನು ಬಿಟ್ಟು: ಆಮದು ಸುಂಕ ಮತ್ತು ಸರ್ಕಾರಿ ಸಾಲದ ಬಡ್ಡಿ. ಅಂದರೆ ರೈತ, ಕೂಲಿಕಾರ, ಸೈನಿಕ ಎಲ್ಲರೂ ಕಾಗದವನ್ನು ಒಪ್ಪಿಕೊಳ್ಳಲೇಬೇಕು. ಸರ್ಕಾರದ ಸಾಲಪತ್ರವಾದ ಬಾಂಡ್ ಕೊಂಡವನಿಗೆ ಮಾತ್ರ ಬಡ್ಡಿ ಬಂಗಾರದಲ್ಲೇ ಬರುತ್ತದೆ. ಯುದ್ಧ ಎಳೆಯುತ್ತಾ ಹೋದಂತೆ ಕಾಗದದ ಬೆಲೆ ಕುಸಿಯಿತು. 1864ರ ಜುಲೈನಲ್ಲಿ ನ್ಯೂಯಾರ್ಕಿನ ಚಿನ್ನದ ಕಟ್ಟೆಯಲ್ಲಿ 100 ಡಾಲರ್ ಬಂಗಾರಕ್ಕೆ 285 ಡಾಲರ್ ನೋಟು ಎಣಿಸಬೇಕಾಯಿತು. ಕಾಲಾಳು ಸೈನಿಕನ ಸಂಬಳ ಯುದ್ಧದ ಬಹುಕಾಲ ತಿಂಗಳಿಗೆ 13 ಡಾಲರ್. ಆ ಹಸಿರು ನೋಟು ಮನೆಗೆ ತಲುಪಿ ಅಂಗಡಿಗೆ ಹೋಗುವಷ್ಟರಲ್ಲಿ ಅರ್ಧ ಕರಗಿರುತ್ತಿತ್ತು. ಅದೇ ಕುಸಿದ ನೋಟನ್ನು ಕೊಟ್ಟು ಬಾಂಡ್ ಕೊಂಡವನು ಅದರ ಮೇಲೆ ಶೇ 6ರ ಬಡ್ಡಿಯನ್ನು ಚಿನ್ನದ ನಾಣ್ಯದಲ್ಲಿ ಎಣಿಸಿಕೊಳ್ಳುತ್ತಿದ್ದ. ಗ್ರೀನ್‌ಬ್ಯಾಕರ್‌ಗಳ ಸಿಟ್ಟು ಎಲ್ಲಿಂದ ಬಂತು ಎಂದು ತಿಳಿಯಲು ಇದಕ್ಕಿಂತ ಹೆಚ್ಚಿನದೇನೂ ಬೇಡ.

ಇದೇ ಯುದ್ಧ ನಮ್ಮ ಧಾರವಾಡದ ಸೀಮೆಗೂ ಹಣ ತಂದಿತ್ತು. ದಕ್ಷಿಣ ರಾಜ್ಯಗಳ ಬಂದರುಗಳು ದಿಗ್ಬಂಧನದಲ್ಲಿ ಸಿಕ್ಕು ಇಂಗ್ಲೆಂಡಿನ ಗಿರಣಿಗಳಿಗೆ ಅರಳೆ ಬರುವುದು ನಿಂತಾಗ, 1840ರ ದಶಕದಿಂದ ಇಲ್ಲಿ ಬೇರೂರಿದ್ದ ‘ಧಾರವಾಡ ಅಮೆರಿಕನ್’ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಯುದ್ಧ ಮುಗಿಯಿತು, 1865ರಲ್ಲಿ ಬೊಂಬಾಯಿಯ ಹತ್ತಿ ಪೇಟೆ ಮುಗ್ಗರಿಸಿತು, ಬೆಲೆ ನೆಲ ಕಂಡಿತು. ಏರಿದ ಬೆಲೆಯ ಕಾಲದಲ್ಲಿ ಮಾಡಿದ ಸಾಲವನ್ನು ಇಳಿದ ಬೆಲೆಯ ಕಾಲದಲ್ಲಿ ತೀರಿಸುವ ಸಂಕಟ ಕಪ್ಪುಮಣ್ಣಿನ ರೈತರಿಗೂ ಅಯೋವಾದ ರೈತರಿಗೂ ಒಂದೇ ದಶಕದಲ್ಲಿ ಬಂದದ್ದು ಹೀಗೆ.

ಯುದ್ಧಾನಂತರ ಹ್ಯೂ ಮ್ಯಾಕಲೊ ಖಜಾನೆ ಕಾರ್ಯದರ್ಶಿಯಾದರು. ಅವರ ದೃಷ್ಟಿಯಲ್ಲಿ ಕಾಗದದ ನೋಟು ಯುದ್ಧಕಾಲದ ಪಾಪ. ಆದಷ್ಟು ಬೇಗ ಅದನ್ನು ಹಿಂದಕ್ಕೆ ಪಡೆದು ಸುಟ್ಟು ಬಂಗಾರಕ್ಕೆ ಮರಳಬೇಕು. 1866ರಲ್ಲಿ ಕಾಂಗ್ರೆಸ್ ಒಪ್ಪಿತು, ತಿಂಗಳು ತಿಂಗಳೂ ನೋಟುಗಳು ಮರೆಯಾಗತೊಡಗಿದವು. ವ್ಯಾಪಾರ ಕುಂಟಿತು, ಕೂಗಾಟವೆದ್ದಿತು, 1868ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅದರ ಮರುವರ್ಷವೇ, ಗ್ರಾಂಟ್ ಅಧ್ಯಕ್ಷರಾಗಿ ಸಹಿ ಹಾಕಿದ ಮೊದಲ ಕಾಯ್ದೆಯಲ್ಲಿ, ಬಾಂಡುಗಳ ಅಸಲನ್ನೂ ನಾಣ್ಯದಲ್ಲೇ ತೀರಿಸುತ್ತೇವೆ ಎಂಬ ಪ್ರತಿಜ್ಞೆ ಬಂತು. ಬಡ್ಡಿಯಂತೂ ಬಂಗಾರದಲ್ಲೇ ಬರುತ್ತಿತ್ತು, ಈಗ ಅಸಲೂ ಬಂಗಾರ. ಕೊಂಡದ್ದು ಮಾತ್ರ ಕಾಗದ ಕೊಟ್ಟು.

ನೂರು ಡಾಲರಿಗೆ ದಿನಕ್ಕೊಂದು ಸೆಂಟು

ಗ್ರೀನ್‌ಬ್ಯಾಕರ್‌ಗಳು ಬರೀ ಸಿಟ್ಟಿನ ಜನ, ನೋಟು ಅಚ್ಚು ಹಾಕಿ ಹಂಚಿ ಎಂದವರು ಎಂದು ತಿಳಿದವರು ಬಹಳ. ಅವರ ಬೆನ್ನಿಗೆ ಒಂದು ಚಿಂತನೆ ಇತ್ತು. ಅದನ್ನು ಕಟ್ಟಿದವರು ಎಡ್ವರ್ಡ್ ಕೆಲ್ಲಾಗ್ ಎಂಬ ನ್ಯೂಯಾರ್ಕಿನ ವ್ಯಾಪಾರಿ. 1837ರ ಹಣಕಾಸಿನ ಬಿಕ್ಕಟ್ಟಿನಲ್ಲಿ ಅವರ ವ್ಯವಹಾರ ನಿಂತುಹೋಯಿತು. ಸರಕಿದೆ, ಬೇಡಿಕೆಯಿದೆ, ದುಡಿಯುವ ಕೈಗಳಿವೆ, ಆದರೂ ಅಂಗಡಿಗಳು ಮುಚ್ಚುತ್ತಿವೆಯಲ್ಲ, ಏಕೆ ಎಂದು ಅವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. ಬಡ್ಡಿದರವೇ ಮೂಲ ಎಂಬ ತೀರ್ಮಾನಕ್ಕೆ ಬಂದು 1849ರಲ್ಲಿ ಪುಸ್ತಕ ಬರೆದರು. ದೇಶದ ಸಂಪತ್ತು ಬೆಳೆಯುವ ವೇಗಕ್ಕಿಂತ ಬಡ್ಡಿ ಬೆಳೆಯುವ ವೇಗ ಹೆಚ್ಚಿದ್ದರೆ, ದುಡಿದದ್ದೆಲ್ಲ ಕೊನೆಗೆ ಹಣ ಇಟ್ಟುಕೊಂಡವರ ಮನೆ ಸೇರುತ್ತದೆ ಎಂಬುದು ಅವರ ವಾದ. 1858ರಲ್ಲಿ ಅವರು ತೀರಿಕೊಂಡರು. ಹಸಿರು ನೋಟನ್ನು ಕಣ್ಣಾರೆ ಕಾಣಲಿಲ್ಲ. ಇಲಿನಾಯ್‌ನ ಅಲೆಕ್ಸಾಂಡರ್ ಕ್ಯಾಂಪ್‌ಬೆಲ್ ಆ ವಿಚಾರವನ್ನು ಹೊಸ ನೋಟಿಗೆ ಹೊಂದಿಸಿದರು.

ಅವರ ಯೋಜನೆ ಹೀಗಿತ್ತು: ಸರ್ಕಾರ ನೋಟನ್ನೂ ಹೊರಡಿಸಲಿ, ಕಡಿಮೆ ಬಡ್ಡಿಯ ಬಾಂಡನ್ನೂ ಹೊರಡಿಸಲಿ, ಜನ ಬೇಕೆಂದಾಗ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಲಿ. ವ್ಯಾಪಾರ ಚುರುಕಾಗಿ ನಗದು ಬೇಕಾದಾಗ ಬಾಂಡ್ ಕೊಟ್ಟು ನೋಟು ತರುತ್ತಾರೆ. ನೋಟು ಹೆಚ್ಚಾಗಿ ಕೈಯಲ್ಲಿ ಸುಮ್ಮನೆ ಕೂತಾಗ ಅದನ್ನು ಕೊಟ್ಟು ಬಾಂಡ್ ತೆಗೆದುಕೊಳ್ಳುತ್ತಾರೆ. ಹಣ ತಾನಾಗಿ ಹಿಗ್ಗುತ್ತದೆ, ಕುಗ್ಗುತ್ತದೆ, ಯಾವ ಬ್ಯಾಂಕರನ ಅಪ್ಪಣೆಗೂ ಕಾಯಬೇಕಿಲ್ಲ. ಬಡ್ಡಿ ಎಷ್ಟಿರಬೇಕೆಂಬುದರಲ್ಲಿ ಭಿನ್ನಾಭಿಪ್ರಾಯಗಳಿದ್ದವು. ಕೊನೆಗೆ ಎಲ್ಲರ ಬಾಯಲ್ಲಿ ನಿಂತದ್ದು ಶೇ 3.65. ಅದು ನೂರು ಡಾಲರಿಗೆ ದಿನಕ್ಕೆ ಸರಿಯಾಗಿ ಒಂದು ಸೆಂಟು. ಲೆಕ್ಕ ಮಾಡಲು ಪೆನ್ಸಿಲ್ಲೂ ಬೇಡ. ಹಣಕಾಸಿನ ವಿದ್ಯೆಯನ್ನು ಜನರ ಅಂಗೈಗೆ ತಂದಿಡುವ ಈ ಆಸೆ ನನಗೆ ಬಹಳ ಪ್ರಿಯವಾದದ್ದು. ಯೋಜನೆಯಲ್ಲಿ ದೋಷ ಇರಲಿಲ್ಲವೆಂದಲ್ಲ. ಪೇಟೆಯ ಬಡ್ಡಿ 3.65ಕ್ಕಿಂತ ಬಹಳ ಮೇಲಿದ್ದರೆ ಎಲ್ಲರೂ ಬಾಂಡ್ ಕೊಟ್ಟು ನೋಟು ಕೇಳುತ್ತಾರೆಯೇ ಹೊರತು ನೋಟು ಮರಳಿ ಬರುವುದಿಲ್ಲ. ಆಗ ಬೆಲೆಗಳಿಗೆ ಲಗಾಮು ಇರುವುದಿಲ್ಲ. ಆದರೂ ಹಣ ವ್ಯಾಪಾರದ ಉಸಿರಾಟಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಬೇಕು ಎಂಬ ಅವರ ಮೂಲ ಮಾತನ್ನು ಇಂದಿನ ಯಾವ ಕೇಂದ್ರ ಬ್ಯಾಂಕೂ ತಳ್ಳಿಹಾಕುವುದಿಲ್ಲ.

ಈ ಚಿಂತನೆಯನ್ನು ಮೊದಲು ಎತ್ತಿಕೊಂಡವರು ರೈತರಲ್ಲ, ಕಾರ್ಮಿಕರು. ಎರಕದ ಕೆಲಸಗಾರರ ನಾಯಕ ವಿಲಿಯಂ ಸಿಲ್ವಿಸ್ ಮತ್ತು ಅವರ ನ್ಯಾಷನಲ್ ಲೇಬರ್ ಯೂನಿಯನ್ 1860ರ ದಶಕದಲ್ಲೇ ಇದಕ್ಕೆ ಒಲಿದಿದ್ದರು. ಅಗ್ಗದ ಸಾಲ ಸಿಕ್ಕರೆ ಕೂಲಿಕಾರರೇ ಕೂಡಿ ಸಹಕಾರಿ ಕಾರ್ಖಾನೆ ನಡೆಸಬಹುದೆಂಬುದು ಸಿಲ್ವಿಸ್ ಕನಸು. ಅವರು 1869ರಲ್ಲಿ ಅಕಾಲದಲ್ಲಿ ತೀರಿಕೊಂಡರು.

ಆಮೇಲೆ ಬಂದದ್ದು 1873. ಯುದ್ಧಕಾಲದಲ್ಲಿ ಸರ್ಕಾರದ ಬಾಂಡುಗಳನ್ನು ಮನೆಮನೆಗೆ ಮಾರಿ ಹೆಸರಾಗಿದ್ದ ಜೇ ಕುಕ್ ಅವರ ಬ್ಯಾಂಕು ರೈಲುದಾರಿಗೆ ಹೂಡಿದ ಹಣದಲ್ಲಿ ಮುಳುಗಿ ಸೆಪ್ಟೆಂಬರ್ 18ರಂದು ಬಾಗಿಲು ಹಾಕಿತು. ನ್ಯೂಯಾರ್ಕ್ ಷೇರುಪೇಟೆ ಹತ್ತು ದಿನ ಮುಚ್ಚಿತು. ವರ್ಷಗಟ್ಟಲೆ ಕೆಲಸವಿಲ್ಲದ ಕಾಲ ಬಂತು. ನೋಟಿನ ಮೊತ್ತವನ್ನು 40 ಕೋಟಿಗೆ ಏರಿಸುವ ಮಸೂದೆಯನ್ನು ಕಾಂಗ್ರೆಸ್ ಒಪ್ಪಿತಾದರೂ 1874ರ ಏಪ್ರಿಲ್‌ನಲ್ಲಿ ಗ್ರಾಂಟ್ ಅದನ್ನು ತಡೆಹಿಡಿದರು. ಮರುವರ್ಷ ಜನವರಿಯಲ್ಲಿ, ಜನ ಹಸಿದಿರುವಾಗಲೇ, ಇನ್ನೊಂದು ಕಾಯ್ದೆ ಬಂತು: 1879ರ ಜನವರಿ 1ರಿಂದ ಪ್ರತಿ ನೋಟಿಗೂ ನಾಣ್ಯ ಕೊಡಲಾಗುವುದು, ಅಲ್ಲಿಯವರೆಗೆ ನೋಟುಗಳನ್ನು 30 ಕೋಟಿಗೆ ಇಳಿಸಲಾಗುವುದು. ಕಾಯಿಲೆಯವನಿಗೆ ಉಪವಾಸ ಹೇಳಿದ ಹಾಗಾಯಿತು. ರಿಪಬ್ಲಿಕನ್, ಡೆಮಾಕ್ರಟಿಕ್ ಎಂಬ ಎರಡು ದೊಡ್ಡ ಪಕ್ಷಗಳಲ್ಲಿ ಯಾವುದೂ ತಮ್ಮದಲ್ಲ ಎಂದು ರೈತರಿಗೆ ಖಚಿತವಾದದ್ದು ಆಗಲೇ.

1874ರಲ್ಲಿ ಇಂಡಿಯಾನಾ ರಾಜ್ಯದ ಸ್ವತಂತ್ರ ಪಕ್ಷದವರು ಹಾಕಿದ ತಳಪಾಯದ ಮೇಲೆ 1876ರ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಪಕ್ಷದ ಮೊದಲ ರಾಷ್ಟ್ರೀಯ ಸಮಾವೇಶ ಸೇರಿತು. ಅಧ್ಯಕ್ಷ ಪದವಿಗೆ ಅವರು ಆರಿಸಿದ್ದು 85 ವರ್ಷದ ಪೀಟರ್ ಕೂಪರ್ ಅವರನ್ನು. ಅಷ್ಟು ಇಳಿವಯಸ್ಸಿನ ಅಭ್ಯರ್ಥಿಯನ್ನು ಅಮೆರಿಕ ಅದುವರೆಗೆ ಕಂಡಿರಲಿಲ್ಲ. ಕೂಪರ್ ಬಡವರ ನಾಯಕರೆಂದು ಹೊರಗಿನಿಂದ ನೋಡಿದವರಿಗೆ ಅನಿಸುವಂತಿರಲಿಲ್ಲ. ಅಂಟಿನ ಕಾರ್ಖಾನೆಯಿಂದ ಸಿರಿವಂತರಾಗಿ, ಕಬ್ಬಿಣದ ಉದ್ಯಮಕ್ಕೆ ಇಳಿದು, 1830ರಲ್ಲಿ ‘ಟಾಮ್ ಥಂಬ್’ ಎಂಬ ಪುಟ್ಟ ಉಗಿಬಂಡಿಯನ್ನು ಕಟ್ಟಿ ಓಡಿಸಿ, ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ತಂತಿ ಎಳೆದ ಸಾಹಸದಲ್ಲೂ ಪಾಲುಗೊಂಡವರು. ಸ್ವಂತಕ್ಕೆ ಶಾಲೆ ಕಂಡದ್ದು ತೀರ ಕಡಿಮೆ. ಅದಕ್ಕೇ 1859ರಲ್ಲಿ ನ್ಯೂಯಾರ್ಕಿನಲ್ಲಿ ಕೂಪರ್ ಯೂನಿಯನ್ ಕಟ್ಟಿ ದುಡಿಯುವ ಗಂಡಸರಿಗೂ ಹೆಂಗಸರಿಗೂ ಪುಕ್ಕಟೆ ವಿದ್ಯೆ ಕೊಟ್ಟರು. ಮರುವರ್ಷ ಲಿಂಕನ್ ಅವರನ್ನು ಅಧ್ಯಕ್ಷ ಪದವಿಯ ಹಾದಿಗೆ ತಂದ ಪ್ರಸಿದ್ಧ ಭಾಷಣ ನಡೆದದ್ದು ಅದೇ ಸಭಾಂಗಣದಲ್ಲಿ.

ಬಾಂಡ್ ಇಟ್ಟುಕೊಂಡು ನೆಮ್ಮದಿಯಾಗಿ ಇರಬಹುದಾದ ಮನುಷ್ಯ ಸಾಲಗಾರರ ಪರ ಏಕೆ ನಿಂತರು? ಉದ್ಯಮ ನಡೆಸಿದ ಅನುಭವವೇ ಕಾರಣವೆಂದು ನನಗೆ ಕಾಣುತ್ತದೆ. ಹಣದ ಬಿಕ್ಕಟ್ಟು ಬಂದಾಗಲೆಲ್ಲ ಒಳ್ಳೆಯ ಕಾರ್ಖಾನೆಗಳೂ ಮುಚ್ಚಿ ಕೆಲಸಗಾರರು ಬೀದಿಗೆ ಬೀಳುವುದನ್ನು ಅವರು ತಮ್ಮ ದೀರ್ಘ ಬದುಕಿನಲ್ಲಿ ಮತ್ತೆ ಮತ್ತೆ ನೋಡಿದ್ದರು. ಅಧ್ಯಕ್ಷರಿಗೆ, ಕಾಂಗ್ರೆಸ್ಸಿಗೆ ಬಹಿರಂಗ ಪತ್ರಗಳನ್ನು ಬರೆಯುತ್ತಲೇ ಇದ್ದರು. ಅವರು ತೀರಿಕೊಂಡ 1883ರಲ್ಲಿ ಅಂಥ ಬರಹಗಳ ಒಂದು ಸಂಕಲನವೂ ಬಂತು. 1876ರ ಚುನಾವಣೆಯಲ್ಲಿ ಅವರಿಗೆ ಬಿದ್ದದ್ದು ಸುಮಾರು 80 ಸಾವಿರ ಮತ, ನೂರಕ್ಕೆ ಒಂದೂ ಅಲ್ಲ.

ಪಕ್ಷ ಅಲ್ಲಿಗೇ ಮುಗಿಯಬೇಕಿತ್ತು, ಆದರೆ ಮುಗಿಯಲಿಲ್ಲ. 1877ರ ಜುಲೈನಲ್ಲಿ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿ ಸಂಬಳ ಕಡಿತ ಸಹಿಸದ ರೈಲು ನೌಕರರು ಗಾಡಿ ನಿಲ್ಲಿಸಿದರು. ಮುಷ್ಕರ ಹಳಿಗುಂಟ ಹಬ್ಬಿತು, ಪಿಟ್ಸ್‌ಬರ್ಗ್ ಹೊತ್ತಿ ಉರಿಯಿತು, ಅಧ್ಯಕ್ಷ ಹೇಯ್ಸ್ ಸೈನ್ಯ ಕಳಿಸಿದರು. ಏಟು ತಿಂದ ಕಾರ್ಮಿಕರೂ ಸಾಲದಲ್ಲಿ ನರಳುತ್ತಿದ್ದ ರೈತರೂ 1878ರ ಫೆಬ್ರವರಿ 22ರಂದು, ಜಾರ್ಜ್ ವಾಷಿಂಗ್ಟನ್ ಹುಟ್ಟಿದ ದಿನ, ಒಹಾಯೊದ ಟೊಲೀಡೊದಲ್ಲಿ ಕೈ ಜೋಡಿಸಿದರು. ಗ್ರೀನ್‌ಬ್ಯಾಕ್ ಲೇಬರ್ ಪಕ್ಷವೆಂದು ಹೆಸರಾದದ್ದು ಈ ಕೂಟ. ಆ ವರ್ಷದ ಚುನಾವಣೆಗಳಲ್ಲಿ ಅದಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಮತ ಬಂತು, ಒಂದು ಡಜನ್‌ಗೂ ಹೆಚ್ಚು ಮಂದಿ ಕಾಂಗ್ರೆಸ್ಸಿಗೆ ಆರಿಸಿ ಹೋದರು. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಸೀಮೆಯ ಸ್ಕ್ರಾಂಟನ್ ನಗರಕ್ಕೆ ಯಂತ್ರದ ಕೆಲಸಗಾರ ಟೆರೆನ್ಸ್ ಪೌಡರ್ಲಿ ಮೇಯರ್ ಆದರು. ಮೇನ್‌ನಲ್ಲಿ ಥಾಂಪ್ಸನ್ ಮರ್ಚ್ ಎಂಬ ಕಲ್ಲುಕುಟಿಗ, ಭಾರಿ ಕುಳವಾಗಿದ್ದ ರಿಪಬ್ಲಿಕನ್ ಸದಸ್ಯ ಯೂಜೀನ್ ಹೇಲ್ ಅವರನ್ನು ಸೋಲಿಸಿದರು. ಅದೇ ಮೇನ್‌ನ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟರನ್ನು ಹಿಂದಿಕ್ಕಿ ಪಕ್ಷ ಎರಡನೆಯ ಸ್ಥಾನಕ್ಕೆ ಬಂತು. ಯಾರಿಗೂ ಬಹುಮತ ಬಾರದೆ ತೀರ್ಮಾನ ಶಾಸನಸಭೆಗೆ ಹೋಗಿ, ಮತದಲ್ಲಿ ಮೂರನೆಯವರಾಗಿದ್ದ ಡೆಮಾಕ್ರಟ್ ಅಭ್ಯರ್ಥಿ ಗವರ್ನರ್ ಆದರು.

ಕೆಲಸವೂ ಆಯಿತು. ಗ್ರೀನ್‌ಬ್ಯಾಕ್ ಗಾಳಿಗೆ ಹೆದರಿದ ಕಾಂಗ್ರೆಸ್ 1878ರ ಮೇ 31ರಂದು ಇನ್ನು ಒಂದು ನೋಟನ್ನೂ ನಾಶ ಮಾಡಕೂಡದೆಂದು ಕಾಯ್ದೆ ಮಾಡಿತು. ಅಂದು ಚಲಾವಣೆಯಲ್ಲಿದ್ದ ಮೊತ್ತ 34,66,81,016 ಡಾಲರ್. ಈ ಅಂಕಿಯನ್ನು ನೆನಪಿಡಬೇಕು, ಅದು ಬಹಳ ಕಾಲ ಬಾಳಿತು.

ಗ್ರೀನ್‌ಬ್ಯಾಕರ್‌ಗಳನ್ನು ಕಂಡು ನಕ್ಕವರಲ್ಲಿ ಎಲ್ಲರಿಗಿಂತ ಮೊನಚಾಗಿದ್ದವರು ವ್ಯಂಗ್ಯಚಿತ್ರಕಾರ ಥಾಮಸ್ ನ್ಯಾಸ್ಟ್. ಆಗಿನ ಕಾಗದ ತಯಾರಾಗುತ್ತಿದ್ದುದು ಹಳೆಯ ಬಟ್ಟೆಯ ಚಿಂದಿಯಿಂದ. ಅದಕ್ಕೇ ನ್ಯಾಸ್ಟ್ ಕಾಗದದ ಹಣವನ್ನು ಚಿಂದಿ ಗೊಂಬೆಯಾಗಿ ಬರೆದರು. 1876ರ ಒಂದು ಚಿತ್ರದಲ್ಲಿ ಆ ಗೊಂಬೆಗೆ ಹಾಲಿನ ಬದಲು ‘ಇದು ಹಾಲು’ ಎಂಬರ್ಥದ ಚೀಟಿ ಕೊಡುತ್ತಾರೆ. ಹಸುವಿನ ಚಿತ್ರಕ್ಕೆ ಹಸುವೆಂದು, ಮನೆಯ ಚಿತ್ರಕ್ಕೆ ಮನೆಯೆಂದು ಕಾಂಗ್ರೆಸ್ ಕಾನೂನು ಮಾಡಿದರೆ ಆದೀತೇ ಎಂಬುದು ಚಿತ್ರದ ಪ್ರಶ್ನೆ. ಚಿತ್ರ ಸೊಗಸಾಗಿದೆ, ವಾದ ಸರಿಯಿಲ್ಲ. ಹಣವನ್ನು ಯಾರೂ ಕುಡಿಯುವುದಿಲ್ಲ, ಬಂಗಾರವನ್ನೂ ಕುಡಿಯುವುದಿಲ್ಲ. ಎದುರಿನವನು ಒಪ್ಪಿಕೊಳ್ಳುತ್ತಾನೆ ಎಂಬ ನಂಬಿಕೆಯಿಂದಲೇ ಎರಡೂ ನಡೆಯುತ್ತವೆ. ಕೂಪರ್ ಅವರಂಥ ಮುದುಕರಿಗೂ ಸೋಲನ್ ಚೇಸ್ ಅವರಂಥ ರೈತರಿಗೂ ಇದು ಅರ್ಥವಾಗಿತ್ತು, ಆ ಕಾಲದ ಬಹುಪಾಲು ಪಂಡಿತರಿಗೆ ಆಗಿರಲಿಲ್ಲ.

ಬಂಗಾರ ತಿರುಗಿ ಬಂದ ದಿನ

1879ರ ಜನವರಿ. ನೋಟಿಗೆ ನಾಣ್ಯ ಕೊಡುವ ಗಡುವು ಬಂದಿತ್ತು. ಖಜಾನೆ ಕಾರ್ಯದರ್ಶಿ ಜಾನ್ ಶೆರ್ಮನ್ 13 ಕೋಟಿ ಡಾಲರಿಗೂ ಮೀರಿ ಬಂಗಾರ ಕೂಡಿಟ್ಟುಕೊಂಡು ಕಾದಿದ್ದರು. ಜನ ನೋಟು ಹಿಡಿದು ಮುಗಿಬೀಳುತ್ತಾರೆಂಬ ಭಯವಿತ್ತು. ನ್ಯೂಯಾರ್ಕಿನ ಉಪಖಜಾನೆಗೆ ಮೊದಲ ದಿನ ನೋಟು ಕೊಟ್ಟು ನಾಣ್ಯ ಒಯ್ದದ್ದು 1,35,000 ಡಾಲರಿನಷ್ಟು; ನಾಣ್ಯ ಕೊಟ್ಟು ನೋಟು ಒಯ್ದದ್ದು 4,00,000 ಡಾಲರಿನಷ್ಟು. ಬಂಗಾರ ಸಿಗುತ್ತದೆಂದು ಗೊತ್ತಾದ ಮೇಲೆ ಯಾರಿಗೂ ಬಂಗಾರ ಬೇಕಿರಲಿಲ್ಲ. ಶೆರ್ಮನ್ ಇದನ್ನು ತಮ್ಮ ಗೆಲುವೆಂದರು. ಗೆಲುವಿನ ಬೆಲೆ ತೆತ್ತವರು ಬೇರೆಯವರು: ಹತ್ತು ಹನ್ನೆರಡು ವರ್ಷ ಬೆಲೆಗಳು ಒಂದೇ ಸಮನೆ ಇಳಿದದ್ದರಿಂದಲೇ ನೋಟು ಬಂಗಾರದ ಸಮಕ್ಕೆ ಏರಿತ್ತು. ಮಿಲ್ಟನ್ ಫ್ರೀಡ್‌ಮನ್ ಮತ್ತು ಆನಾ ಶ್ವಾರ್ಟ್ಜ್ 1963ರ ತಮ್ಮ ದೊಡ್ಡ ಗ್ರಂಥದಲ್ಲಿ ತೋರಿಸಿಕೊಟ್ಟದ್ದೂ ಇದನ್ನೇ: ಆ ಸಮ ಬಂದದ್ದು ಖಜಾನೆಯ ಜಾಣ್ಮೆಯಿಂದಲ್ಲ, ಉತ್ಪಾದನೆ ಬೆಳೆಯುತ್ತಾ ಹಣ ಅಷ್ಟಾಗಿ ಬೆಳೆಯದೆ ಉಳಿದದ್ದರಿಂದ.

ಅದೇ ವರ್ಷ ಯುರೋಪಿನಲ್ಲಿ ಬೆಳೆ ಕೈಕೊಟ್ಟಿತು, ಅಮೆರಿಕದ ಗೋಧಿಗೆ ಬೆಲೆ ಬಂತು, ಬಂಗಾರ ಹಡಗಿನಲ್ಲಿ ಹರಿದು ಬಂತು. ಪಕ್ಷದ ಕಾವು ಇಳಿಯತೊಡಗಿತು. ಆದರೂ 1880ರ ಜೂನ್‌ನಲ್ಲಿ ಶಿಕಾಗೊದಲ್ಲಿ ಸೇರಿದ ಸಮಾವೇಶ ನನ್ನ ಕಣ್ಣಿಗೆ ಆ ಪಕ್ಷದ ದೊಡ್ಡ ಗಳಿಗೆ. ಸೂಸನ್ ಆಂಟನಿ ಅಲ್ಲಿಗೆ ಬಂದು ಹೆಂಗಸರ ಮತದ ಹಕ್ಕಿನ ಬಗ್ಗೆ ಮಾತನಾಡಿದರು. ಏರುಕ್ರಮದ ಆದಾಯ ತೆರಿಗೆ, ದಿನಕ್ಕೆ ಎಂಟು ಗಂಟೆ ದುಡಿಮೆ, ರೈಲು ಕಂಪನಿಗಳಿಗೆ ಕಡಿವಾಣ ಮುಂತಾದ ಬೇಡಿಕೆಗಳು ಪ್ರಣಾಳಿಕೆಗೆ ಬಂದವು. ಇವು ಒಂದೊಂದಾಗಿ 1887, 1913, 1938ರಲ್ಲಿ ಬೇರೆಯವರ ಕೈಯಿಂದ ಕಾಯ್ದೆಗಳಾದವು.

ಅದೇ ಪ್ರಣಾಳಿಕೆಯಲ್ಲಿ ಚೀನೀ ಕೂಲಿಕಾರರನ್ನು ದೇಶಕ್ಕೆ ಬಿಡಬಾರದೆಂಬ ಮಾತೂ ಇತ್ತು. ಇದನ್ನು ಮುಚ್ಚಿಟ್ಟು ಆ ಪಕ್ಷವನ್ನು ಹೊಗಳಲು ನನಗಾಗದು. ದುಡಿಯುವವರ ಪರ ಎಂದು ಹೊರಟವರು ರೈಲುದಾರಿ ಕಡಿದ ಅತಿ ಬಡ ದುಡಿಮೆಗಾರರನ್ನೇ ಹೊರಗಿಟ್ಟರು. ಇನ್ನೊಂದು ಕಡೆ, ಆಲಬಾಮದ ಕಲ್ಲಿದ್ದಲ ಗಣಿಗಳ ಸುತ್ತ ಕಪ್ಪು ಮತ್ತು ಬಿಳಿ ಗಣಿಗಾರರು ಗ್ರೀನ್‌ಬ್ಯಾಕ್ ಕ್ಲಬ್ಬುಗಳಲ್ಲಿ ಒಟ್ಟಿಗೆ ಕೂತದ್ದೂ, ಟೆಕ್ಸಸ್‌ನಲ್ಲಿ ಕಪ್ಪು ಮತದಾರರು ಈ ಪಕ್ಷದ ಜೊತೆ ಬಂದದ್ದೂ ನಿಜ. ಗುಲಾಮಗಿರಿ ಹೋಗಿ ಇಪ್ಪತ್ತು ವರ್ಷವೂ ಆಗಿರದ ದಕ್ಷಿಣದಲ್ಲಿ ಅದು ಸಣ್ಣ ಸಂಗತಿಯಲ್ಲ.

ಶಿಕಾಗೊ ಆರಿಸಿದ ಅಭ್ಯರ್ಥಿ ಅಯೋವಾದ ಜೇಮ್ಸ್ ವೀವರ್. ಅಂತರ್ಯುದ್ಧದಲ್ಲಿ ಹೋರಾಡಿದವರು, ವಕೀಲರು, 1878ರಲ್ಲಿ ಗೆದ್ದು ಕಾಂಗ್ರೆಸ್ಸಿಗೆ ಬಂದವರು. ಹಣ ಹೊರಡಿಸುವ ಅಧಿಕಾರ ಬ್ಯಾಂಕುಗಳಿಗಲ್ಲ, ಸರ್ಕಾರಕ್ಕೇ ಇರಬೇಕೆಂಬ ನಿರ್ಣಯ ಮಂಡಿಸಲು ಎದ್ದು ನಿಂತರೆ ಸ್ಪೀಕರ್ ಸ್ಯಾಮ್ಯುಯೆಲ್ ರ್‍ಯಾಂಡಲ್ ಅವರ ಕಡೆ ನೋಡುತ್ತಲೇ ಇರಲಿಲ್ಲ. ವೀವರ್ ಬಿಡಲಿಲ್ಲ. ವಾರಗಟ್ಟಲೆ ಎದ್ದು ನಿಂತರು. ಕೊನೆಗೆ ಮಾತನಾಡಲು ಬಿಡಬೇಕಾಯಿತು, ನಿರ್ಣಯ ಸೋತಿತು, ಆದರೆ ಎರಡೂ ಪಕ್ಷಗಳ ಸದಸ್ಯರು ಎಲ್ಲರೆದುರು ತಮ್ಮ ನಿಲುವು ತೋರಿಸಬೇಕಾಯಿತು. ಆ ಕಾಲದಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿ ತಾನೇ ಊರೂರು ಸುತ್ತಿ ಮತ ಕೇಳುವುದು ಮರ್ಯಾದೆಗೆ ಕಡಿಮೆ ಎಂಬ ಭಾವನೆ ಇತ್ತು. ರಿಪಬ್ಲಿಕನ್ ಗಾರ್‌ಫೀಲ್ಡ್ ಹೆಚ್ಚಾಗಿ ಮನೆಯ ಜಗಲಿಯಿಂದಲೇ ಪ್ರಚಾರ ನಡೆಸಿದರು. ವೀವರ್ ರೈಲು ಹತ್ತಿ ದಕ್ಷಿಣದಿಂದ ಮೇನ್‌ವರೆಗೆ ಸುತ್ತಿದರು. ಸಿಕ್ಕಿದ್ದು ಮೂರು ಲಕ್ಷದ ಆಸುಪಾಸಿನ ಮತ, ಶೇ 3ಕ್ಕೆ ತುಸು ಮೇಲೆ. 1884ರಲ್ಲಿ ನಿಂತ ಬೆಂಜಮಿನ್ ಬಟ್ಲರ್ ಅವರಿಗೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ಆಮೇಲೆ ಪಕ್ಷ ಕರಗಿಹೋಯಿತು.

ನ್ಯಾಯಾಲಯದ ಕಥೆಯನ್ನು ಇಲ್ಲಿ ಹೇಳಲೇಬೇಕು. 1862ರಲ್ಲಿ ಖಜಾನೆ ಕಾರ್ಯದರ್ಶಿಯಾಗಿ ಹಸಿರು ನೋಟನ್ನು ಹೊರಡಿಸಿದವರು ಸಾಲ್ಮನ್ ಚೇಸ್ (ರೈತ ಚೇಸ್ ಬೇರೆ, ಇವರು ಬೇರೆ). ಒಂದು ಡಾಲರಿನ ನೋಟಿನ ಮೇಲೆ ಅವರದೇ ಮುಖವಿತ್ತು. ಮುಂದೆ ಅವರೇ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ 1870ರ ಫೆಬ್ರವರಿ 7ರಂದು, ಹಳೆಯ ಸಾಲಗಳಿಗೆ ಆ ನೋಟನ್ನು ಹೇರಿದ್ದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತರು. ಅದೇ ದಿನ ಗ್ರಾಂಟ್ ಇಬ್ಬರು ಹೊಸ ನ್ಯಾಯಮೂರ್ತಿಗಳ ಹೆಸರು ಸೂಚಿಸಿದರು. ಮರುವರ್ಷ 5-4ರ ಬಹುಮತದಲ್ಲಿ ತೀರ್ಪು ತಿರುಗಿತು. 1884ರಲ್ಲಿ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಯುದ್ಧವಿಲ್ಲದ ಕಾಲದಲ್ಲೂ ಕಾಂಗ್ರೆಸ್ ಕಾಗದದ ಹಣ ಹೊರಡಿಸಬಹುದು ಎಂದಿತು. ಗ್ರೀನ್‌ಬ್ಯಾಕರ್‌ಗಳು ಹತ್ತು ವರ್ಷ ಕೂಗಿ ಹೇಳಿದ್ದೂ ಅದನ್ನೇ. ಬಟ್ಲರ್ ಸೋತದ್ದು ಅದೇ ವರ್ಷ.

ಕಾಗದದ ಕೂಗು ಅಡಗಿದ ಮೇಲೆ ಬೆಳ್ಳಿಯನ್ನೂ ಹಣವಾಗಿ ನಡೆಸಿ ಎಂಬ ಕೂಗು ಎದ್ದಿತು. 1873ರಲ್ಲಿ ಅಮೆರಿಕ ಬೆಳ್ಳಿ ಡಾಲರಿನ ಟಂಕವನ್ನು ಕೈಬಿಟ್ಟಿತ್ತು, ಜರ್ಮನಿಯೂ ಬಂಗಾರದ ಕಡೆ ಹೊರಳಿತ್ತು. ಬೆಳ್ಳಿಯ ಬೆಲೆ ಬಿತ್ತು, ಅದರೊಂದಿಗೆ ಬೆಳ್ಳಿಯನ್ನೇ ನಂಬಿದ್ದ ನಮ್ಮ ರೂಪಾಯಿಯೂ ಬಿತ್ತು. 1870ರ ದಶಕದ ಆರಂಭದಲ್ಲಿ ಎರಡು ಷಿಲಿಂಗ್‌ನ ಹತ್ತಿರವಿದ್ದ ರೂಪಾಯಿ ಇಪ್ಪತ್ತು ವರ್ಷದಲ್ಲಿ ಒಂದು ಷಿಲಿಂಗ್ ಮೂರು ಪೆನ್ಸ್‌ನ ಸುಮಾರಿಗೆ ಇಳಿಯಿತು. 1893ರಲ್ಲಿ ಬ್ರಿಟಿಷ್ ಸರ್ಕಾರ ಭಾರತದ ಟಂಕಸಾಲೆಗಳನ್ನು ಜನರ ಬೆಳ್ಳಿಗೆ ಮುಚ್ಚಿತು. ಇಲ್ಲಿ ಅದನ್ನು ಸಂತೆಯಲ್ಲಿ ನಿಂತು ಪ್ರಶ್ನಿಸುವ ಪಕ್ಷವಿರಲಿಲ್ಲ. ತೀರ್ಮಾನ ಲಂಡನ್ನಿನಲ್ಲಿ ಆಗುತ್ತಿತ್ತು. ಅಮೆರಿಕದ ರೈತರಿಗೆ ಸೋಲುವ ಹಕ್ಕಾದರೂ ಇತ್ತು.

ಹಳೆಯ ಗ್ರೀನ್‌ಬ್ಯಾಕರ್‌ಗಳು ಹೊಸ ಪೀಪಲ್ಸ್ ಪಾರ್ಟಿಯಲ್ಲಿ ಮತ್ತೆ ಕೂಡಿದರು. 1892ರಲ್ಲಿ ಅದರ ಅಭ್ಯರ್ಥಿ ಅದೇ ವೀವರ್. ಈ ಸಲ ಹತ್ತು ಲಕ್ಷಕ್ಕೂ ಹೆಚ್ಚು ಮತ, ಅಧ್ಯಕ್ಷರನ್ನು ಆರಿಸುವ ಚುನಾಯಕ ಮಂಡಳಿಯ 22 ಮತ. ಮಹಾಕುಸಿತದ ನಡುವೆ 1933ರ ಮೇ ತಿಂಗಳಲ್ಲಿ, ಬೆಲೆಗಳು ಮತ್ತೆ ನೆಲ ಕಚ್ಚಿದ್ದಾಗ, ಒಕ್ಲಹೋಮದ ಸೆನೆಟರ್ ಎಲ್ಮರ್ ಥಾಮಸ್ ಒಂದು ತಿದ್ದುಪಡಿ ತಂದರು. 300 ಕೋಟಿ ಡಾಲರಿನಷ್ಟು ಹಸಿರು ನೋಟು ಹೊರಡಿಸುವ ಅಧಿಕಾರ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಸಿಕ್ಕಿತು. ಅವರು ಅದನ್ನು ಬಳಸಲಿಲ್ಲ.

1878ರಲ್ಲಿ ಉಳಿಸಿಕೊಂಡ ಆ 34,66,81,016 ಡಾಲರಿನ ಮಿತಿ ಇಪ್ಪತ್ತನೆಯ ಶತಮಾನದಲ್ಲೂ ಬಹುಕಾಲ ಕಾನೂನಿನ ಪುಸ್ತಕದಲ್ಲಿ ಉಳಿದಿತ್ತು. 1971ರ ಜನವರಿಯಲ್ಲಿ ಖಜಾನೆ ಆ ಬಗೆಯ ನೋಟುಗಳನ್ನು ಚಲಾವಣೆಗೆ ಬಿಡುವುದನ್ನು ನಿಲ್ಲಿಸಿತು. ಅದೇ ವರ್ಷ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಡಾಲರಿಗೆ ಬಂಗಾರ ಕೊಡುವುದನ್ನೇ ನಿಲ್ಲಿಸಿದರು. ಅಲ್ಲಿಂದೀಚೆಗೆ ಅಮೆರಿಕದ ಯಾವ ಡಾಲರಿನ ಹಿಂದೆಯೂ ಬಂಗಾರವಿಲ್ಲ, ಪ್ರಪಂಚದ ಬೇರೆ ಹಣಗಳಲ್ಲಿ ಬಹುಪಾಲಿನ ಹಿಂದೆ ಇಂದು ಬಂಗಾರವಿಲ್ಲ. ಗ್ರೀನ್‌ಬ್ಯಾಕರ್‌ಗಳು ಕೇಳಿದ್ದು ಎರಡು: ಹಣ ಬಂಗಾರದ ಸಂಕೋಲೆಯಿಂದ ಬಿಡಿಸಿಕೊಳ್ಳಬೇಕು, ಅದು ಎಷ್ಟಿರಬೇಕೆಂದು ಜನರು ಆರಿಸಿ ಕಳಿಸಿದವರು ತೀರ್ಮಾನಿಸಬೇಕು. ಮೊದಲನೆಯದು ಆಗಿದೆ. ಎರಡನೆಯ ಅಧಿಕಾರ ಅಮೆರಿಕದಲ್ಲಿ ಇಂದಿಗೂ ಫೆಡರಲ್ ರಿಸರ್ವ್ ಕೈಯಲ್ಲಿದೆ, ಯಾವ ಮತದಾರನೂ ಅದರ ಸದಸ್ಯರನ್ನು ಆರಿಸುವುದಿಲ್ಲ.